ದ್ವೇಷದ ಮೆರವಣಿಗೆಗೆ ನೆರೆಹೊರೆಯ ಉತ್ತರ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಅಸ್ತಿಭಾರದ ಕಲ್ಲನ್ನಿಟ್ಟವರನ್ನು, ಗಂಟೆಯನ್ನು ದಾನವಿತ್ತವರನ್ನು, ಪೀಠವನ್ನು ಕಟ್ಟಿಸಿದವರನ್ನು, ಒಬ್ಬರ ನಂತರ ಒಬ್ಬರಂತೆ ಸೇವೆ ಸಲ್ಲಿಸಿ ಹೋದ ವಿಚಾರಣಾ ಗುರುಗಳನ್ನು ನೆನೆಯುವುದು ವಾಡಿಕೆ. ಅದು ಯೋಗ್ಯವೂ ಹೌದು. ಆದರೆ ಒಂದು ಊರಿನಲ್ಲಿ ಒಂದು ದೇವಾಲಯವು ನೂರು ವರ್ಷಗಳ ಕಾಲ ನಿಂತಿದೆಯೆಂದರೆ ಅದಕ್ಕೆ ಕಲ್ಲುಗಾರೆಗಳಲ್ಲದೆ ಬೇರೊಂದು ಆಧಾರವೂ ಇರಲೇಬೇಕು. ಆ ದೇವಾಲಯಕ್ಕೆ ಸೇರದ, ಅದರ ಪ್ರಾರ್ಥನೆಗಳನ್ನರಿಯದ ನೆರೆಯವರು ಅದು ತಮ್ಮ ಊರಿನಲ್ಲಿ ಇರಲೆಂದು ಮನಸಾರೆ ಒಪ್ಪಿರಬೇಕು. ಈ ಒಪ್ಪಿಗೆಯನ್ನು ಯಾವ ಶಿಲೆಯ ಮೇಲೂ ಕೆತ್ತಿಲ್ಲ, ಯಾವ ದಾಖಲೆ ಪುಸ್ತಕದಲ್ಲಿಯೂ ಬರೆದಿಲ್ಲ. ಹಾಗಾಗಿ ಅದು ಇರುವಾಗ ನಮಗೆ ಕಾಣುವುದಿಲ್ಲ. ಕಳೆದುಹೋದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ.

೨೦೦೮ನೆಯ ಇಸವಿಯ ಸೆಪ್ಟೆಂಬರ್ ೧೪, ಭಾನುವಾರ, ಪವಿತ್ರ ಶಿಲುಬೆಯ ಹಬ್ಬದ ದಿನ. ಅಂದು ಮಂಗಳೂರಿನಲ್ಲಿ ಧ್ಯಾನನಿರತ ಧರ್ಮಭಗಿನಿಯರ ಆರಾಧನಾ ಮಂದಿರದ ಮೇಲೆ ದಾಳಿ ನಡೆದುದನ್ನೂ, ಆ ದಿನಗಳಲ್ಲಿ ಕರಾವಳಿಯ ಮತ್ತು ನಾಡಿನ ಇತರೆಡೆಯ ಅನೇಕ ಪ್ರಾರ್ಥನಾಲಯಗಳು ಹಾನಿಗೊಳಗಾದುದನ್ನೂ ನಾವಾರೂ ಮರೆತಿಲ್ಲ. ಅಂದು ನಮ್ಮಲ್ಲಿ ಅನೇಕರು ಒಂದು ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡರು: ಇಂತಹ ದಿನ ಬರಲಿದೆಯೆಂದು ಮೊದಲೇ ಗೊತ್ತಾಗಿದ್ದರೆ ಊರಿನವರು ಏನು ಮಾಡಬಹುದಾಗಿತ್ತು? ಈ ಲೇಖನದ ವಿಷಯ ಆ ಪ್ರಶ್ನೆಯೇ. ಒಂದು ಸಮುದಾಯದ ವಿರುದ್ಧ ದ್ವೇಷವನ್ನು ಹರಡಲೆಂದು ಸಭೆಯೋ ಮೆರವಣಿಗೆಯೋ ನಿಗದಿಯಾದಾಗ ನೆರೆಹೊರೆಯವರು ಅದನ್ನು ಹೇಗೆ ಎದುರಿಸಿದರು, ಅವರಿಗೆ ಏನು ಫಲ ದೊರಕಿತು ಎಂಬುದನ್ನು ಮೂರು ಊರುಗಳ ಚರಿತ್ರೆಯಿಂದ ನೋಡೋಣ. ಒಂದು ನಮ್ಮ ಕರ್ನಾಟಕದ ಚಿಕ್ಕಮಗಳೂರು, ಇನ್ನೊಂದು ನಮ್ಮಂತೆಯೇ ಮಗ್ಗದ ಊರಾದ ಭಿವಂಡಿ, ಮೂರನೆಯದು ಕಡಲಾಚೆಯ ಸ್ಕೋಕಿ.

ಹಾಸು ಮತ್ತು ಹೊಕ್ಕು

ಈ ಲೇಖಕನ ಊರು ರಬಕವಿ. ರಬಕವಿ ಮತ್ತು ಬನಹಟ್ಟಿ ಅಕ್ಕಪಕ್ಕದ ಊರುಗಳು. ಸಂಸ್ಥಾನಗಳ ಕಾಲದಲ್ಲಿ ಮೊದಲನೆಯದು ಸಾಂಗಲಿಯ ಅರಸರಿಗೂ ಎರಡನೆಯದು ಜಮಖಂಡಿಯ ಅರಸರಿಗೂ ಸೇರಿತ್ತು. ಅರಸರು ಬೇರೆಯಾಗಿದ್ದರೂ ಕಸುಬು ಒಂದೇ ಆಗಿತ್ತು, ಅದು ನೇಯ್ಗೆ. ಇಂದು ಎರಡೂ ಊರುಗಳು ಒಂದೇ ನಗರಸಭೆಯ ಆಡಳಿತದಲ್ಲಿವೆ. ಮಗ್ಗದ ಮನೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಒಂದು ಮಾತುಂಟು. ಹಾಸಿನ ಎಳೆಗಳು ಎಷ್ಟೇ ಗಟ್ಟಿಯಾಗಿದ್ದರೂ ಹೊಕ್ಕು ಹಾಯದಿದ್ದರೆ ಅದು ಬಟ್ಟೆಯಾಗುವುದಿಲ್ಲ. ಒಂದು ಸೀರೆ ಮಾರುಕಟ್ಟೆಗೆ ಹೋಗಬೇಕಾದರೆ ನೂಲನ್ನು ತರುವವರು, ಬಣ್ಣ ಹಾಕುವವರು, ಹಾಸನ್ನು ಸಿದ್ಧಗೊಳಿಸುವವರು, ನೇಯುವವರು, ಕೊಳ್ಳುವವರು ಎಲ್ಲರೂ ಬೇಕು. ಇವರೆಲ್ಲರೂ ಒಂದೇ ಜಾತಿಯವರಲ್ಲ, ಒಂದೇ ಮತದವರೂ ಅಲ್ಲ.

ಹೊಟ್ಟೆಪಾಡಿನಲ್ಲಿದ್ದ ಈ ಬೆಸುಗೆ ಭಕ್ತಿಯಲ್ಲಿಯೂ ಇತ್ತು. ನಮ್ಮ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮೊಹರಮ್ಮಿನ ದೇವರುಗಳನ್ನು ಹೊರುವವರಲ್ಲಿಯೂ, ಹೆಜ್ಜೆಮೇಳ ಕಟ್ಟಿ ಹಾಡಿ ಕುಣಿಯುವವರಲ್ಲಿಯೂ ಹಿಂದೂಗಳಿರುತ್ತಾರೆ. ಗೋಕಾಕ ತಾಲೂಕಿನ ಸಾವಳಗಿಯ ಶಿವಲಿಂಗೇಶ್ವರ ಪೀಠಕ್ಕೂ ತಿಂಥಣಿಯ ಮೌನೇಶ್ವರನ ಸನ್ನಿಧಿಗೂ ಉಭಯ ಮತದವರು ನಡೆದುಕೊಳ್ಳುವ ಪದ್ಧತಿ ಬಹು ಹಿಂದಿನದು. ಶಿಶುನಾಳದ ಶರೀಫರು ಗುರುವಾಗಿ ಕಂಡುಕೊಂಡದ್ದು ಗೋವಿಂದ ಭಟ್ಟರನ್ನು. ಇವೆಲ್ಲವೂ ನಮ್ಮ ಹಿರಿಯರು ನಮಗೆ ಬಿಟ್ಟುಹೋದ ಆಸ್ತಿ.

ಹೀಗೆಂದ ಮಾತ್ರಕ್ಕೆ ಹಿಂದಿನ ಕಾಲದಲ್ಲಿ ಎಲ್ಲವೂ ಸೌಖ್ಯವಾಗಿತ್ತೆಂದು ಬಗೆಯುವುದು ಸರಿಯಲ್ಲ. ೧೯೪೮ರ ಜನವರಿ ೩೦ರಂದು ಮಹಾತ್ಮಾ ಗಾಂಧಿಯವರ ಹತ್ಯೆಯಾದ ಮೇಲೆ ಸಾಂಗಲಿ, ಕೊಲ್ಲಾಪುರ, ಸಾತಾರಾ ಸೀಮೆಗಳಲ್ಲಿ ನಿರಪರಾಧಿಗಳಾದ ಬ್ರಾಹ್ಮಣ ಕುಟುಂಬಗಳ ಮನೆಗಳಿಗೆ ಬೆಂಕಿ ಬಿದ್ದಿತು. ಕೊಂದವನ ಜಾತಿಯವರೆಂಬುದೊಂದೇ ಅವರ ಮೇಲಿನ ಆರೋಪವಾಗಿತ್ತು. ಅಹಿಂಸೆಯನ್ನು ಬೋಧಿಸಿದ ಮಹಾತ್ಮನ ಹೆಸರಿನಲ್ಲಿಯೇ ಈ ಹಿಂಸೆ ನಡೆಯಿತೆಂಬುದು ಎಂತಹ ವಿಪರ್ಯಾಸ! ದ್ವೇಷಕ್ಕೆ ಗುರಿಯಾಗುವವರು ಇಂದು ಇವರಾದರೆ ನಾಳೆ ಅವರು. ಆದುದರಿಂದ ಇದನ್ನು ಕೇವಲ ಕ್ರೈಸ್ತರ ಸಂಕಟವೆಂದು ಅಥವಾ ಕೇವಲ ಮುಸಲ್ಮಾನರ ಸಂಕಟವೆಂದು ವಿಂಗಡಿಸಿ ನೋಡಿದರೆ ನಮಗೆ ಸತ್ಯ ಕಾಣಲಾರದು.

ಗಿರಿಯ ಮೇಲಿನ ಗುಹೆ

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಬಹು ಸ್ಪಷ್ಟವಾಗಿ ಎದ್ದದ್ದು ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ. ಚಂದ್ರದ್ರೋಣ ಪರ್ವತಶ್ರೇಣಿಯ ಈ ಗಿರಿಯಲ್ಲೊಂದು ಗುಹೆಯಿದೆ. ಅದು ದಾದಾ ಹಯಾತ್ ಕಲಂದರರ ನೆಲೆಯೆಂದು ಮುಸಲ್ಮಾನರೂ, ಗುರು ದತ್ತಾತ್ರೇಯರ ಪೀಠವೆಂದು ಹಿಂದೂಗಳೂ ನಂಬಿ ನಡೆದುಕೊಂಡು ಬಂದಿದ್ದಾರೆ. ಸರಕಾರದ ಕಾಗದಪತ್ರಗಳಲ್ಲಿ ಸಹ ಅದರ ಹೆಸರು ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ ಎಂದಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಇಂದು ಮಲೆನಾಡಿನ ಅಸಂಖ್ಯ ಕುಟುಂಬಗಳು ಉಣ್ಣುವ ಅನ್ನಕ್ಕೂ ಈ ಗಿರಿಗೂ ಹೀಗೊಂದು ನಂಟುಂಟು.

೧೯೭೫ರಲ್ಲಿ ಈ ಸ್ಥಳದ ಆಡಳಿತವನ್ನು ವಕ್ಫ್ ಮಂಡಳಿಗೆ ವರ್ಗಾಯಿಸಲಾಯಿತು. ಅದನ್ನು ಪ್ರಶ್ನಿಸಿ ಕೆಲವರು ನ್ಯಾಯಾಲಯಕ್ಕೆ ಹೋದರು. ಇದು ವಕ್ಫ್ ಆಸ್ತಿಯಲ್ಲ, ಉಭಯ ಸಮುದಾಯಗಳೂ ನಡೆದುಕೊಳ್ಳುವ ಸ್ಥಳವೆಂದು ೧೯೮೦ರಲ್ಲಿ ಜಿಲ್ಲಾ ನ್ಯಾಯಾಲಯವು ತೀರ್ಪಿತ್ತು, ಆಡಳಿತವು ಮುಜರಾಯಿ ಇಲಾಖೆಗೆ ಮರಳಿತು. ೧೯೭೫ಕ್ಕಿಂತ ಮೊದಲು ರೂಢಿಯಲ್ಲಿದ್ದ ಆಚರಣೆಗಳು ಯಾವುವೆಂಬುದನ್ನು ೧೯೮೯ರಲ್ಲಿ ಇಲಾಖೆಯ ಆಯುಕ್ತರು ಪಟ್ಟಿ ಮಾಡಿದರು. ನಂದಾದೀಪವನ್ನು ಹಚ್ಚುವುದು, ಪಾದುಕೆಗಳಿಗೆ ಹೂವೇರಿಸುವುದು, ಬಂದ ಭಕ್ತರಿಗೆ ಮುಜಾವರರು ತೀರ್ಥ ಕೊಡುವುದು, ವರ್ಷಕ್ಕೊಮ್ಮೆ ಉರುಸು ನಡೆಸುವುದು, ಇವು ಅಂತಹ ಆಚರಣೆಗಳು.

ಇಷ್ಟಕ್ಕೇ ಇದು ಮುಗಿದಿದ್ದರೆ ಕಾನೂನಿನ ಒಂದು ವ್ಯಾಜ್ಯವಾಗಿ ಉಳಿಯುತ್ತಿತ್ತು. ಆದರೆ ೧೯೯೮ರ ಡಿಸೆಂಬರಿನಲ್ಲಿ ವಿಶ್ವ ಹಿಂದೂ ಪರಿಷತ್ತು ಮತ್ತು ಬಜರಂಗ ದಳಗಳು ರಥಯಾತ್ರೆಯನ್ನು ಹೊರಡಿಸಿದವು. ಇದನ್ನು ದಕ್ಷಿಣದ ಅಯೋಧ್ಯೆಯನ್ನಾಗಿ ಮಾಡುತ್ತೇವೆಂಬ ಘೋಷಣೆ ಕೇಳಿಬಂದಿತು. ಅಯೋಧ್ಯೆಯಲ್ಲಿ ಆರು ವರ್ಷಗಳ ಹಿಂದೆ ಏನು ನಡೆದಿತ್ತೆಂಬುದನ್ನು ಬಲ್ಲವರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದಿನಿಂದ ವರ್ಷವರ್ಷವೂ ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿ ಸಮೀಪಿಸಿತೆಂದರೆ ಚಿಕ್ಕಮಗಳೂರಿನ ಅಂಗಡಿಕಾರನಿಗೂ ತಾಯಂದಿರಿಗೂ ಒಂದು ಕಳವಳ. ಇಲ್ಲಿ ಒಂದು ವಿವೇಚನೆ ಅವಶ್ಯ. ದತ್ತಾತ್ರೇಯನಲ್ಲಿ ಭಕ್ತಿಯಿಟ್ಟು ಮಾಲೆ ಧರಿಸಿ ಬೆಟ್ಟ ಹತ್ತುವ ಭಕ್ತನು ದ್ವೇಷಿಯಲ್ಲ. ಆತನ ಭಕ್ತಿಯನ್ನು ನೆರೆಯವನ ವಿರುದ್ಧ ಕತ್ತಿಯಾಗಿ ಮಸೆಯುವ ಮಾತು ದ್ವೇಷ. ಈ ಎರಡನ್ನೂ ಒಂದೇ ಎಂದು ಕಂಡವರು ಎಂದಿಗೂ ಜನರ ಮನಸ್ಸನ್ನು ಗೆಲ್ಲಲಾರರು.

ಈ ಸಂದರ್ಭದಲ್ಲಿ ಹುಟ್ಟಿಕೊಂಡದ್ದು ಕರ್ನಾಟಕ ಕೋಮು ಸೌಹಾರ್ದ ವೇದಿಕೆ. ಎರಡು ಸಾವಿರದ ಇಸವಿಯ ನಂತರದ ಆರಂಭದ ವರ್ಷಗಳಲ್ಲಿ ದಲಿತರು, ರೈತರು, ಮಹಿಳೆಯರು, ವಿದ್ಯಾರ್ಥಿಗಳು, ಲೇಖಕರು ಮೊದಲಾದವರ ಇನ್ನೂರಕ್ಕೂ ಮಿಕ್ಕ ಸಂಘಟನೆಗಳು ಇದರಡಿ ಒಂದುಗೂಡಿದವು. ಯು.ಆರ್. ಅನಂತಮೂರ್ತಿ, ಗಿರೀಶ ಕಾರ್ನಾಡ, ಉಡುಪಿಯ ಲೇಖಕ ಜಿ. ರಾಜಶೇಖರ, ಪತ್ರಕರ್ತೆ ಗೌರಿ ಲಂಕೇಶ್ ಇವರುಗಳು ಅದರೊಡನೆ ನಿಂತರು. ವೇದಿಕೆಯವರು ಎರಡು ಬಗೆಯ ಕೆಲಸಗಳನ್ನು ಹಿಡಿದರು. ಒಂದು, ದ್ವೇಷದ ಸಭೆಗೆ ಎದುರಾಗಿ ಸೌಹಾರ್ದದ ಸಮಾವೇಶವನ್ನು ಕರೆಯುವುದು. ಇನ್ನೊಂದು, ಗಿರಿಯ ನಿಜವಾದ ಚರಿತ್ರೆಯನ್ನು ಜನರ ಮುಂದಿಡುವುದು. ಎರಡನೆಯ ಕೆಲಸಕ್ಕೆ ವಿದ್ವಾಂಸರ ನೆರವೂ ದೊರಕಿತು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಎಂಬ ಗ್ರಂಥವು ೧೯೯೮ರಲ್ಲಿಯೇ ಪ್ರಕಟವಾಗಿತ್ತು. ನಾಡಿನ ಸೂಫಿ ನೆಲೆಗಳಲ್ಲಿ ಹಿಂದೂ ಮುಸಲ್ಮಾನರ ನಂಬಿಕೆಗಳು ಹೇಗೆ ಕೂಡಿಕೊಂಡಿವೆಯೆಂಬುದನ್ನು ಅದು ಊರೂರು ಸುತ್ತಿ ಕಂಡು ಬರೆದ ಗ್ರಂಥ.

೨೦೦೩ರ ಡಿಸೆಂಬರಿನಲ್ಲಿ ವೇದಿಕೆಯವರು ಚಿಕ್ಕಮಗಳೂರಿಗೆ ಹೊರಟಾಗ ನಿಷೇಧಾಜ್ಞೆ ಅಡ್ಡಬಂದಿತು. ಶಾಂತಿಯನ್ನು ಕೋರಿ ಹೊರಟವರೇ ಬಂಧನಕ್ಕೊಳಗಾದರು. ಅವರಲ್ಲಿ ಗೌರಿ ಲಂಕೇಶರೂ ಒಬ್ಬರು. ಮುಂದೆ ೨೦೧೭ರ ಸೆಪ್ಟೆಂಬರ್ ೫ರಂದು ಬೆಂಗಳೂರಿನ ತಮ್ಮ ಮನೆಯ ಮುಂದೆ ಅವರು ಗುಂಡಿಗೆ ಬಲಿಯಾದರು. ಗಿರಿಯ ವ್ಯಾಜ್ಯವೂ ನಿಲ್ಲಲಿಲ್ಲ. ಮುಜಾವರರೇ ಪೂಜಾಕಾರ್ಯಗಳನ್ನು ಮುಂದುವರಿಸಬೇಕೆಂಬ ೨೦೧೮ರ ಸರಕಾರಿ ಆದೇಶವನ್ನು ೨೦೨೧ರಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. ೨೦೨೨ರ ಡಿಸೆಂಬರಿನ ದತ್ತ ಜಯಂತಿಯಲ್ಲಿ, ಸರಕಾರ ರಚಿಸಿದ ಆಡಳಿತ ಸಮಿತಿಯ ಮೂಲಕ ಹಿಂದೂ ಅರ್ಚಕರು ಪೂಜೆ ನಡೆಸಿದರು.

ಹಾಗಾದರೆ ಸೌಹಾರ್ದದವರ ಶ್ರಮ ವ್ಯರ್ಥವಾಯಿತೇ? ಹಾಗೆನ್ನಲಾಗದು. ಅಯೋಧ್ಯೆಯಲ್ಲಿ ಆದದ್ದು ಚಿಕ್ಕಮಗಳೂರಿನಲ್ಲಿ ಆಗಲಿಲ್ಲ, ಗುಹೆ ಉಳಿಯಿತು. ಒಂದು ಗುಡ್ಡದ ಮೇಲಿನ ಗುಹೆಗಾಗಿ ನಾಡಿನ ಮೂಲೆಮೂಲೆಗಳಿಂದ ಜನ ಹೊರಟು ಬಂದರೆಂಬುದು ಸಹ ಸಣ್ಣ ಮಾತಲ್ಲ. ಆದರೆ ವರ್ಷದಲ್ಲಿ ಒಂದೆರಡು ದಿನ ದೂರದಿಂದ ಬಂದು ಸೇರುವವರ ಸಮಾವೇಶವೊಂದೇ ಸಾಲದು. ಅದೇ ಓಣಿಯಲ್ಲಿ ವರ್ಷವಿಡೀ ಬದುಕುವವರ ನಡುವೆ ಏನು ನಡೆಯುತ್ತದೆಯೆಂಬುದು ಅದಕ್ಕಿಂತ ಮುಖ್ಯ. ಈ ಪಾಠವನ್ನು ಕಲಿಯಲು ನಾವು ಭಿವಂಡಿಗೆ ಹೋಗಬೇಕು.

ಮಗ್ಗದ ಊರಿನ ಓಣಿ ಸಮಿತಿಗಳು

ಮುಂಬಯಿಯ ಸಮೀಪದ ಭಿವಂಡಿಯ ಹೆಸರು ನಮ್ಮ ರಬಕವಿ ಬನಹಟ್ಟಿಯ ನೇಕಾರರಿಗೆ ಹೊಸದಲ್ಲ. ವಿದ್ಯುನ್ಮಗ್ಗಗಳ ಸದ್ದು ಹಗಲಿರುಳೂ ಕೇಳುವ ಊರು ಅದು. ೧೯೭೦ರ ಮೇ ೭ರಂದು ಶಿವಾಜಿ ಮಹಾರಾಜರ ಜಯಂತಿಯ ಮೆರವಣಿಗೆ ಅಲ್ಲಿ ಹೊರಟಿತು. ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಲಾಠಿಗಳನ್ನು ಹಿಡಿದು ಬಂದಿದ್ದರು. ಕೆರಳಿಸುವ ಘೋಷಣೆಗಳು ಮೊಳಗಿದವು, ಕಲ್ಲುಗಳು ತೂರಿಬಂದವು. ಅಂದು ಹತ್ತಿದ ಬೆಂಕಿ ಜಳಗಾಂವದವರೆಗೂ ಹಬ್ಬಿತು. ಭಿವಂಡಿಯೊಂದರಲ್ಲಿಯೇ ಸತ್ತವರು ಎಪ್ಪತ್ತಕ್ಕೂ ಹೆಚ್ಚು ಜನ. ನ್ಯಾಯಮೂರ್ತಿ ಡಿ.ಪಿ. ಮಾದನ್ ಅವರ ಆಯೋಗವು ಈ ಘಟನೆಗಳನ್ನು ಸವಿಸ್ತಾರವಾಗಿ ಪರಿಶೀಲಿಸಿ, ಕೆರಳಿಸುವ ಉದ್ದೇಶದಿಂದಲೇ ಮೆರವಣಿಗೆಯನ್ನು ಸಜ್ಜುಗೊಳಿಸಲಾಗಿತ್ತೆಂದು ಕಂಡುಕೊಂಡಿತು. ವರದಿ ಕಪಾಟಿನಲ್ಲಿ ಕುಳಿತಿತು. ೧೯೮೪ರ ಮೇ ತಿಂಗಳಿನಲ್ಲಿ ಭಿವಂಡಿ ಮತ್ತೆ ಹೊತ್ತಿ ಉರಿದು ನೂರಕ್ಕೂ ಮಿಕ್ಕ ಜನ ಪ್ರಾಣ ಕಳೆದುಕೊಂಡರು. ಮಗ್ಗಗಳು ಸುಟ್ಟು ಬೂದಿಯಾದವು. ಸುಟ್ಟ ಮಗ್ಗದ ಒಡೆಯನೂ ಅದರಲ್ಲಿ ದುಡಿಯುವವನೂ ಬೀದಿಗೆ ಬಿದ್ದರು.

೧೯೮೮ರಲ್ಲಿ ಸುರೇಶ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಭಿವಂಡಿಗೆ ಉಪ ಆಯುಕ್ತರಾಗಿ ಬಂದರು. ಶಾಂತಿ ಸಮಿತಿಗಳೆಂಬವು ಅದಕ್ಕೆ ಮೊದಲೂ ಇದ್ದವು. ಗಲಭೆಯ ಸೂಚನೆ ಕಂಡಾಗ ಊರಿನ ನಾಲ್ಕಾರು ಗಣ್ಯರನ್ನು ಠಾಣೆಗೆ ಕರೆಸಿ, ಚಹಾ ಕೊಟ್ಟು, ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವುದೇ ಅವುಗಳ ಕಾರ್ಯ. ಖೋಪಡೆಯವರು ಈ ಪದ್ಧತಿಯನ್ನು ಬದಲಿಸಿದರು. ಓಣಿ ಓಣಿಗೊಂದರಂತೆ ಸುಮಾರು ಎಪ್ಪತ್ತು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಅವುಗಳಲ್ಲಿ ಗಣ್ಯರಿಗೆ ಬದಲಾಗಿ ಓಣಿಯ ಸಾಮಾನ್ಯ ಹಿಂದೂ ಮುಸಲ್ಮಾನರು ಜೊತೆಯಾಗಿ ಕೂರತೊಡಗಿದರು. ಆ ಓಣಿಯ ಗಸ್ತಿನ ಪೊಲೀಸನೂ ಅವರೊಡನಿರುತ್ತಿದ್ದ. ಗಲಭೆ ಇಲ್ಲದಿದ್ದಾಗಲೂ ಸಭೆ ಸೇರುವುದು ನಿಯಮವಾಯಿತು. ಅಲ್ಲಿ ಮಾತಾಡಿದ್ದು ಬಹುಮಟ್ಟಿಗೆ ದಿನನಿತ್ಯದ ಸಣ್ಣಪುಟ್ಟ ತಂಟೆಗಳನ್ನೇ. ಆದರೆ ಹೀಗೆ ತಿಂಗಳುಗಟ್ಟಲೆ ಒಟ್ಟಿಗೆ ಕುಳಿತವರಿಗೆ ಪರಸ್ಪರರ ಹೆಸರು ತಿಳಿಯಿತು, ಮನೆ ತಿಳಿಯಿತು. ನಾಳೆ ಯಾರಾದರೂ ಬಂದು, ಆ ಕಡೆಯವರು ಆಯುಧ ಸೇರಿಸುತ್ತಿದ್ದಾರಂತೆ ಎಂದು ಗಾಳಿಸುದ್ದಿ ಹೇಳಿದರೆ, ಹೋಗಿ ಕೇಳಿ ನಿಜವನ್ನು ತಿಳಿಯಲು ಒಂದು ಮನೆಬಾಗಿಲು ಇದ್ದಿತು.

ಇದರ ಪರೀಕ್ಷೆ ೧೯೯೨ರ ಡಿಸೆಂಬರಿನಲ್ಲಿ ಒದಗಿತು. ಬಾಬರಿ ಮಸೀದಿ ಉರುಳಿದ ಮೇಲೆ ಆ ಡಿಸೆಂಬರ್ ಮತ್ತು ಮರುತಿಂಗಳು ಜನವರಿಯಲ್ಲಿ ಮುಂಬಯಿಯಲ್ಲಿ ಸುಮಾರು ಒಂಬೈನೂರು ಜನ ಹತರಾದರೆಂದು ಶ್ರೀಕೃಷ್ಣ ಆಯೋಗವು ದಾಖಲಿಸಿದೆ. ಎರಡು ಬಾರಿ ಹೊತ್ತಿ ಉರಿದಿದ್ದ ಭಿವಂಡಿ ಮಾತ್ರ ಆ ಸಮಯದಲ್ಲಿ ಶಾಂತವಾಗಿತ್ತು. ಅಶುತೋಷ ವಾರ್ಷ್ಣೇಯ ಎಂಬ ರಾಜ್ಯಶಾಸ್ತ್ರಜ್ಞರು ೨೦೦೨ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಭಿವಂಡಿಯ ಈ ಪ್ರಯೋಗವನ್ನು ಪ್ರಸ್ತಾಪಿಸಿದ್ದಾರೆ. ಹಿಂದೂ ಮುಸಲ್ಮಾನರು ವ್ಯಾಪಾರ, ಕಸುಬು, ಸಂಘಸಂಸ್ಥೆಗಳಲ್ಲಿ ಜೊತೆಯಾಗಿ ಕೆಲಸ ಮಾಡುವ ಊರುಗಳಲ್ಲಿ ಕಿಡಿ ಬಿದ್ದರೂ ಬೆಂಕಿ ಹಬ್ಬುವುದು ಕಷ್ಟವೆಂಬುದು ಅವರ ಅಧ್ಯಯನದ ಸಾರ.

ಮುಂಬಯಿಯವರೂ ಈ ಪಾಠವನ್ನು ಕಲಿತರು. ಗಲಭೆಯ ತರುವಾಯ ಅಲ್ಲಿಯೂ ಮೊಹಲ್ಲಾ ಸಮಿತಿಗಳ ಚಳವಳಿ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೊ ರಿಬೇರೊ ಪ್ರಮುಖರು. ಅವರು ಕಥೋಲಿಕರೆಂಬುದು ನಮಗೆ ಅಭಿಮಾನದ ಸಂಗತಿ. ಹಿಂದೂ ಮುಸಲ್ಮಾನರ ನಡುವಿನ ಗಾಯಕ್ಕೆ ಮುಲಾಮು ಹಚ್ಚಲು ಕ್ರೈಸ್ತನೊಬ್ಬ ಮುಂದಾದನೆಂಬುದು ಅದಕ್ಕಿಂತ ಹೆಚ್ಚಿನ ವಿಚಾರ. ನಮ್ಮಂತಹ ಸಣ್ಣ ಸಮುದಾಯವು ಎರಡು ದೊಡ್ಡ ಸಮುದಾಯಗಳ ನಡುವೆ ಮಾಡಬಹುದಾದ ಸೇವೆ ಯಾವುದೆಂಬುದಕ್ಕೆ ಅದೊಂದು ನಿದರ್ಶನ.

ಇಷ್ಟಾದರೂ ಭಿವಂಡಿಯ ಕಥೆ ಮಂಗಳ ಹಾಡಿ ಮುಗಿಯುವಂಥದಲ್ಲ. ೨೦೦೬ರ ಜುಲೈನಲ್ಲಿ ಅಲ್ಲಿ ಪೊಲೀಸ್ ಠಾಣೆಯೊಂದರ ಕಟ್ಟಡದ ವಿಷಯವಾಗಿ ಜನರಿಗೂ ಪೊಲೀಸರಿಗೂ ಘರ್ಷಣೆಯಾಗಿ ಇಬ್ಬರು ಪೊಲೀಸರೂ ಸೇರಿದಂತೆ ಕೆಲವರು ಜೀವ ಕಳೆದುಕೊಂಡರು. ಒಮ್ಮೆ ನೇಯ್ದ ಬಟ್ಟೆ ಸವೆಯುತ್ತದೆ, ಮತ್ತೆ ನೇಯಬೇಕಾಗುತ್ತದೆ. ಇದು ನೇಕಾರರ ಊರಿನವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಸ್ಕೋಕಿಯವರು ಕಟ್ಟಿದ ಶಾಲೆ

ಓಣಿಯ ಸ್ನೇಹದಷ್ಟೇ ಮುಖ್ಯವಾದುದು ಶಿಕ್ಷಣ. ಅದರ ಬಲವನ್ನರಿಯಲು ಅಮೆರಿಕದ ಒಂದು ಪುಟ್ಟ ಪಟ್ಟಣದ ಚರಿತ್ರೆಯನ್ನು ನೋಡಬೇಕು. ಷಿಕಾಗೊ ನಗರದ ಹೊರವಲಯದ ಸ್ಕೋಕಿಯಲ್ಲಿ ೧೯೭೭ರ ಸುಮಾರಿಗೆ ಎಪ್ಪತ್ತು ಸಾವಿರದಷ್ಟು ಜನ ವಾಸವಾಗಿದ್ದರು. ಅವರಲ್ಲಿ ಅರ್ಧಕ್ಕಿಂತಲೂ ಹೆಚ್ಚು ಮಂದಿ ಯೆಹೂದ್ಯರು. ಅವರ ನಡುವೆ ಹಿಟ್ಲರನ ಯಾತನಾಶಿಬಿರಗಳಿಂದ ಬದುಕಿ ಬಂದ ಸಾವಿರಾರು ಜನರಿದ್ದರು. ಫ್ರಾಂಕ್ ಕಾಲಿನ್ ಎಂಬವನ ಮುಖಂಡತ್ವದ ನಾಜಿ ಗುಂಪೊಂದು ಬೇಕೆಂದೇ ಇಂತಹ ಊರನ್ನು ಆರಿಸಿಕೊಂಡು, ಸ್ವಸ್ತಿಕ ಚಿಹ್ನೆಯ ಸಮವಸ್ತ್ರ ಧರಿಸಿ ೧೯೭೭ರ ಮೇ ೧ರಂದು ಪುರಭವನದ ಮುಂದೆ ಪ್ರದರ್ಶನ ನಡೆಸುವುದಾಗಿ ಸಾರಿತು.

ಅವರನ್ನು ಅಲಕ್ಷಿಸಿರಿ, ಯಾರೂ ನೋಡದಿದ್ದರೆ ತಾವಾಗಿ ಹೋಗುತ್ತಾರೆ ಎಂಬುದು ಮೊದಮೊದಲು ಊರಿನ ಮುಖಂಡರ ಸಲಹೆಯಾಗಿತ್ತು. ಶಿಬಿರಗಳಿಂದ ಬದುಕಿ ಬಂದವರಿಗೆ ಇದು ರುಚಿಸಲಿಲ್ಲ. ಯುರೋಪಿನಲ್ಲಿ ಮೊದಲು ಜನ ಮಾಡಿದ್ದು ಅಲಕ್ಷ್ಯವನ್ನೇ ಎಂಬುದನ್ನು ಅವರು ತಮ್ಮ ಬಂಧುಬಳಗವನ್ನು ಕಳೆದುಕೊಂಡು ಕಲಿತಿದ್ದರು. ಆಗ ಊರಿನ ಆಡಳಿತವು ನ್ಯಾಯಾಲಯದಿಂದ ತಡೆಯಾಜ್ಞೆಯನ್ನು ತಂದಿತು, ಸಮವಸ್ತ್ರದ ಪ್ರದರ್ಶನವನ್ನೂ ದ್ವೇಷದ ಪತ್ರಗಳನ್ನು ಹಂಚುವುದನ್ನೂ ನಿಷೇಧಿಸುವ ಕಟ್ಟಳೆಗಳನ್ನು ಮಾಡಿತು. ವಾಕ್‌ಸ್ವಾತಂತ್ರ್ಯವು ಎಲ್ಲರಿಗೂ ಸಲ್ಲಬೇಕೆಂಬ ತತ್ತ್ವಕ್ಕೆ ಅಂಟಿಕೊಂಡ ಅಮೆರಿಕದ ಪೌರಹಕ್ಕುಗಳ ಸಂಘವು ನಾಜಿಗಳ ಪರವಾಗಿ ವಾದಿಸಿತು. ಆ ಸಂಘದ ಮುಖ್ಯಸ್ಥರಾಗಿದ್ದ ಆರ್ಯೆ ನಯರ್ ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯರೇ ಆಗಿದ್ದರು. ೧೯೭೮ರಲ್ಲಿ ನ್ಯಾಯಾಲಯಗಳು ಊರಿನ ಕಟ್ಟಳೆಗಳನ್ನು ತಳ್ಳಿಹಾಕಿದವು. ಆದರೆ ಅಷ್ಟರಲ್ಲಿ ಹತ್ತಾರು ಸಾವಿರ ಜನ ಎದುರು ಸಭೆಗೆ ಸಿದ್ಧರಾಗಿದ್ದರು. ಕಾಲಿನ್ ಜೂನ್ ೨೫ರ ಮೆರವಣಿಗೆಯನ್ನು ಕೈಬಿಟ್ಟನು; ಷಿಕಾಗೊ ನಗರದಲ್ಲಿ ಸುಮಾರು ಇಪ್ಪತ್ತು ಜನರೊಡನೆ ಸ್ವಲ್ಪ ಹೊತ್ತು ನಿಂತು ಹೋದನು. ಸ್ಕೋಕಿಯಲ್ಲಿ ಆತನು ಎಂದೂ ಮೆರವಣಿಗೆ ನಡೆಸಲಿಲ್ಲ.

ನಿಜವಾದ ಚರಿತ್ರೆ ಆರಂಭವಾಗುವುದು ಇಲ್ಲಿಂದ. ಅಲ್ಲಿಯವರೆಗೆ ಶಿಬಿರಗಳ ಯಾತನೆಯನ್ನು ತಮ್ಮ ಮಕ್ಕಳಿಗೂ ಹೇಳದೆ ಎದೆಯಲ್ಲಿಟ್ಟುಕೊಂಡಿದ್ದವರು ಬಾಯಿ ತೆರೆದರು. ೧೯೮೧ರಲ್ಲಿ ಅವರು ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಅಂಗಡಿಯ ಮಳಿಗೆಯಂತಹ ಸಣ್ಣ ಸ್ಥಳದಲ್ಲಿ ವಸ್ತು ಸಂಗ್ರಹಾಲಯವನ್ನು ತೆರೆದರು. ಶಾಲೆಗಳಿಗೆ ಹೋಗಿ ತಾವು ಕಂಡುಂಡದ್ದನ್ನು ಮಕ್ಕಳಿಗೆ ಹೇಳಿದರು. ಅವರ ಪ್ರಯತ್ನದ ಫಲವಾಗಿ ೧೯೯೦ರಲ್ಲಿ ಇಲಿನಾಯ್ ರಾಜ್ಯವು ಆ ಮಹಾಹತ್ಯೆಯ ಚರಿತ್ರೆಯ ಬೋಧನೆಯನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ೨೦೦೯ರಲ್ಲಿ ಸ್ಕೋಕಿಯಲ್ಲಿಯೇ ದೊಡ್ಡದಾದ ಸಂಗ್ರಹಾಲಯವು ತೆರೆಯಲ್ಪಟ್ಟಿತು. ಅವಮಾನಿಸಲು ಹೊರಟವನಿಗೆ ಆ ಊರು ಒಂದು ಶಾಲೆಯನ್ನು ಕಟ್ಟಿ ಉತ್ತರ ಕೊಟ್ಟಿತು.

ನಮ್ಮ ಪಾಲಿನ ಕೆಲಸ

ಮೂರು ಊರುಗಳನ್ನೂ ಒಟ್ಟಿಗಿಟ್ಟು ನೋಡಿದಾಗ ಒಂದು ಮಾತು ಮನವರಿಕೆಯಾಗುತ್ತದೆ. ದ್ವೇಷದ ಮೆರವಣಿಗೆಗೆ ಕೊಡಬೇಕಾದ ಉತ್ತರವು ಮೆರವಣಿಗೆಯ ದಿನ ಸಿದ್ಧವಾಗುವುದಿಲ್ಲ. ಅದಕ್ಕೆ ಬಹಳ ಮೊದಲೇ ಓಣಿಯಲ್ಲಿಯೂ ಶಾಲೆಯಲ್ಲಿಯೂ ಸಿದ್ಧವಾಗಿರಬೇಕು. ನಿಷೇಧವು ಒಂದು ದಿನವನ್ನು ದಾಟಿಸಬಹುದು, ಆದರೆ ಅದೇ ನಿಷೇಧ ಶಾಂತಿ ಬಯಸುವವರನ್ನೂ ತಡೆಯಬಹುದೆಂಬುದನ್ನು ಚಿಕ್ಕಮಗಳೂರಿನಲ್ಲಿ ಕಂಡೆವು. ಅಲಕ್ಷ್ಯವು ವಿವೇಕದಂತೆ ತೋರಿದರೂ ಪೆಟ್ಟು ತಿಂದವನನ್ನು ಒಂಟಿಯಾಗಿಸುತ್ತದೆಂಬುದನ್ನು ಸ್ಕೋಕಿ ಹೇಳಿತು. ಪರಿಚಯ ಮತ್ತು ಶಿಕ್ಷಣ, ಈ ಎರಡು ಮಾತ್ರ ಬಾಳಿಕೆ ಬಂದವು.

ಕರ್ನಾಟಕದಲ್ಲಿ ಈ ದಾರಿ ಮುಚ್ಚಿಹೋಗಿಲ್ಲ. ೨೦೨೨ರ ಆರಂಭದ ತಿಂಗಳುಗಳಲ್ಲಿ ಕರಾವಳಿಯಲ್ಲಿ ಶಾಲಾ ಬಾಲಕಿಯರ ತಲೆವಸ್ತ್ರದ ವಿಷಯವಾಗಿ ಮನಸ್ಸುಗಳು ಒಡೆದವು. ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಕೊಡಬಾರದೆಂಬ ಕೂಗೆದ್ದಿತು. ಅದೇ ವರ್ಷ ಮೇ ೧೪ರಂದು ಉಡುಪಿಯಲ್ಲಿ ಸಹಬಾಳ್ವೆಯ ಹೆಸರಿನಲ್ಲಿ ದೊಡ್ಡ ಸಮಾವೇಶ ನಡೆದು, ಎಲ್ಲ ಮತಗಳ ಜನ ಒಂದೇ ಮೆರವಣಿಗೆಯಲ್ಲಿ ನಡೆದರು. ಅವರು ಸೇರಿದ್ದು ಕ್ರೈಸ್ತ ವಿದ್ಯಾಸಂಸ್ಥೆಯೊಂದರ ಮೈದಾನದಲ್ಲಿ. ನಮ್ಮ ಶಾಲೆಗಳ ಮೈದಾನಗಳು ಇಂತಹ ಕಾರ್ಯಕ್ಕೂ ತೆರೆದಿರಬೇಕೆಂಬುದನ್ನು ಇದು ನಮಗೆ ನೆನಪಿಸುತ್ತದೆ.

ಇಲ್ಲಿ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವುದು ಒಳಿತು. ೨೦೦೮ರ ಪೆಟ್ಟಿನ ನಂತರ ನಮ್ಮ ಕೆಲವು ದೇವಾಲಯಗಳ ಗೋಡೆಗಳು ಎತ್ತರವಾದವು, ಗೇಟುಗಳಿಗೆ ಕಾವಲಿನವರು ಬಂದರು. ಅದು ತಪ್ಪೆನ್ನಲಾಗದು. ಆದರೆ ಗೋಡೆ ಎತ್ತರವಾದಷ್ಟೂ ನೆರೆಯವರಿಗೆ ನಾವು ಕಾಣುವುದು ಕಡಿಮೆಯಾಗುತ್ತದೆ. ಕಾಣದವರ ಕುರಿತು ಯಾರು ಏನು ಹೇಳಿದರೂ ಜನ ನಂಬುತ್ತಾರೆ. ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಮಕ್ಕಳು ಸಂತರ ಚರಿತ್ರೆಗಳನ್ನು ಕಲಿಯುತ್ತಾರೆ. ನೆರೆಮನೆಯ ಮಗು ಏಕೆ ಉಪವಾಸವಿರುತ್ತದೆ, ಎದುರು ಮನೆಯವರು ಕೊರಳಲ್ಲಿ ಲಿಂಗವನ್ನೇಕೆ ಧರಿಸುತ್ತಾರೆ ಎಂಬುದನ್ನು ನಾವು ಅವರಿಗೆ ಗೌರವದಿಂದ ಹೇಳಿಕೊಟ್ಟಿದ್ದೇವೆಯೇ? ದ್ವಿತೀಯ ವ್ಯಾಟಿಕನ್ ಮಹಾಸಭೆಯು ೧೯೬೫ರ ಅಕ್ಟೋಬರ್ ೨೮ರಂದು ಹೊರಡಿಸಿದ ‘ನೋಸ್ತ್ರಾ ಎತಾತೆ’ ಎಂಬ ಘೋಷಣಾಪತ್ರದಲ್ಲಿ ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ಸಾರಿತು; ಯೆಹೂದ್ಯರ ಮೇಲಿನ ದ್ವೇಷವನ್ನು ಖಂಡಿಸಿತು; ಮುಸಲ್ಮಾನರೊಡನೆ ಹಳೆಯ ವೈರಗಳನ್ನು ಮರೆತು ಪರಸ್ಪರ ಅರಿವಿಗಾಗಿ ಶ್ರಮಿಸಬೇಕೆಂದು ಕರೆಯಿತ್ತಿತು. ಆ ಪತ್ರ ಹೊರಟು ಅರವತ್ತು ವರ್ಷಗಳಾದರೂ ಅದನ್ನು ನಮ್ಮ ಓಣಿಯವರೆಗೆ ತರುವ ಕೆಲಸ ಇನ್ನೂ ಉಳಿದಿದೆ.

ಈ ಕೆಲಸಕ್ಕೆ ದೊಡ್ಡ ಧನವಾಗಲಿ ಪದವಿಯಾಗಲಿ ಬೇಕಾಗಿಲ್ಲ. ಹಬ್ಬದ ದಿನ ನೆರೆಯವರನ್ನು ಕರೆದು ದೇವಾಲಯವನ್ನು ತೋರಿಸುವುದು, ಅವರ ಹಬ್ಬಕ್ಕೆ ಕರೆಯದಿದ್ದರೂ ಹೋಗಿ ಶುಭ ಕೋರುವುದು, ಓಣಿಯ ನೀರು ನೈರ್ಮಲ್ಯದ ಕೆಲಸಗಳಲ್ಲಿ ಎಲ್ಲರೊಡನೆ ಕೈಗೂಡಿಸುವುದು, ಗಾಳಿಸುದ್ದಿ ಬಂದಾಗ ಮುಂದಕ್ಕೆ ದಾಟಿಸದೆ ಹೋಗಿ ಕೇಳಿ ತಿಳಿಯುವುದು, ಇವು ಯಾವ ಕುಟುಂಬವಾದರೂ ಮಾಡಬಹುದಾದ ಕೆಲಸಗಳು. ಬೇರೆಯವರ ಮೇಲೆ ಪೆಟ್ಟು ಬಿದ್ದಾಗಲೂ ನಾವು ಅವರ ಬಾಗಿಲಿಗೆ ಹೋಗುವುದು ಇವೆಲ್ಲಕ್ಕಿಂತ ಮುಖ್ಯ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿನ ಜಾತಿಯನ್ನು ವಿಚಾರಿಸದೆ ಎತ್ತಿ ನಡೆದ ಸಮಾರಿಯದವನ ಕಥೆಯನ್ನು ಪ್ರಭು ಯೇಸುಸ್ವಾಮಿ ನಮಗೆ ಹೇಳಿದ್ದು, ನಮ್ಮ ನೆರೆಯವನು ಯಾರೆಂಬ ಪ್ರಶ್ನೆಗೆ ಉತ್ತರವಾಗಿ ತಾನೇ?

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ದೇವಾಲಯದ ಅಸ್ತಿಭಾರವನ್ನಿಟ್ಟಾಗ ಊರಿನವರು ಒಪ್ಪಿ ಸ್ಥಳ ಕೊಟ್ಟರು. ಆ ಒಪ್ಪಿಗೆಯನ್ನು ಬಡ್ಡಿಸಮೇತ ಹಿಂದಿರುಗಿಸುವ ಹೊಣೆ ಈಗ ನಮ್ಮದು. ಮುಂದಿನ ನೂರು ವರ್ಷಗಳ ನಂತರ ಈ ದೇವಾಲಯದ ಚರಿತ್ರೆಯನ್ನು ಬರೆಯುವವರು ಗೋಪುರದ ಎತ್ತರವನ್ನು ದಾಖಲಿಸುವಂತೆಯೇ, ಈ ಊರಿನಲ್ಲಿ ದ್ವೇಷದ ಮೆರವಣಿಗೆ ಹೊರಟ ದಿನ ನೆರೆಹೊರೆಯವರು ಕೈಕೈ ಹಿಡಿದು ನಿಂತಿದ್ದರೆಂಬುದನ್ನೂ ದಾಖಲಿಸುವಂತಾಗಲಿ. ಅಂತಹ ದಿನವೇ ಬಾರದಿರಲಿ ಎಂಬುದು ನಮ್ಮೆಲ್ಲರ ಪ್ರಾರ್ಥನೆ. ಬಂದರೆ, ಆ ಕೈಗಳು ಅದಕ್ಕೆ ಮೊದಲೇ ಪರಸ್ಪರ ಪರಿಚಿತವಾಗಿರಲಿ.